ಹಳೆಯ ಲ್ಯಾಪ್‌ಟಾಪ್‌ನಲ್ಲಿ ರೀಮಿಕ್ಸ್ ಓಎಸ್: ಒಂದು ದುರಸ್ತಿಯ ದಾಖಲೆ

ಕೆಲಸಕ್ಕೆ ಸಿಕ್ಕ ಯಂತ್ರ: ಇಂಟೆಲ್ ಕೋರ್ 2 ಡ್ಯುಯೋ ಪ್ರೊಸೆಸರ್, 4 ಜಿಬಿ ರ‍್ಯಾಮ್, 1366×768 ಪರದೆಯ ಲ್ಯಾಪ್‌ಟಾಪ್. ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿದ್ದೇನೆ. ಅದರಲ್ಲಿ ಈಗಾಗಲೇ ಲಿನಕ್ಸ್ ಓಡುತ್ತಿದೆ, ಪಕ್ಕದಲ್ಲಿ ಒಂದು ಖಾಲಿ ಪಾರ್ಟಿಷನ್ ಇದೆ. ಆ ಖಾಲಿ ಜಾಗದಲ್ಲಿ ರೀಮಿಕ್ಸ್ ಓಎಸ್ ಕೂರಿಸಿ, ಇವತ್ತಿಗೂ ಬಳಸಬಹುದಾದ ಸ್ಥಿತಿಗೆ ತರುವುದು ಗುರಿ. ನೋಡಿ ಖುಷಿಪಟ್ಟು ಅಳಿಸಿಬಿಡುವ ಪ್ರಯೋಗ ಇದಲ್ಲ. ಪುಸ್ತಕ ಓದಲು, ಟಿಪ್ಪಣಿ ಬರೆಯಲು, ಹಾಡು ಕೇಳಲು ನಿತ್ಯ ತೆರೆಯುವಂತಿರಬೇಕು.

ರೀಮಿಕ್ಸ್ ಓಎಸ್ ನೆನಪಿಲ್ಲದವರಿಗೆ ನಾಲ್ಕು ಮಾತು. ಗೂಗಲ್‌ನಲ್ಲಿ ಕೆಲಸ ಮಾಡಿದ್ದ ಮೂವರು 2014ರಲ್ಲಿ ಕಟ್ಟಿದ ಜೀಡೆ ಟೆಕ್ನಾಲಜಿ ಎಂಬ ಕಂಪನಿ, ಆಂಡ್ರಾಯ್ಡ್‌ಗೆ ಟಾಸ್ಕ್‌ಬಾರ್, ಸ್ಟಾರ್ಟ್ ಮೆನು, ಎಳೆದು ಹಿಗ್ಗಿಸಬಹುದಾದ ವಿಂಡೋಗಳನ್ನು ಜೋಡಿಸಿ ಮೇಜಿನ ಕಂಪ್ಯೂಟರ್‌ಗೆ ಒಗ್ಗುವಂತೆ ಮಾಡಿತು. ಮೊದಲು ತನ್ನದೇ ಟ್ಯಾಬ್ಲೆಟ್‌ನಲ್ಲಿ, 2015ರಲ್ಲಿ ರೀಮಿಕ್ಸ್ ಮಿನಿ ಎಂಬ ಪುಟ್ಟ ಪೆಟ್ಟಿಗೆಯಲ್ಲಿ, 2016ರ ಜನವರಿಯಲ್ಲಿ ಯಾವುದೇ ಸಾಮಾನ್ಯ ಪಿಸಿಗೆ ಹಾಕಿಕೊಳ್ಳಬಹುದಾದ ರೂಪದಲ್ಲಿ ಅದನ್ನು ಹೊರತಂದಿತು. ಪಿಸಿ ಆವೃತ್ತಿಗೆ ತಳಪಾಯ, ಇಂಟೆಲ್ ಬಗೆಯ (ಎಕ್ಸ್86) ಪ್ರೊಸೆಸರ್‌ಗಳಿಗೆ ಆಂಡ್ರಾಯ್ಡ್ ಒಗ್ಗಿಸುವ ಆಂಡ್ರಾಯ್ಡ್-ಎಕ್ಸ್86 ಎಂಬ ಮುಕ್ತ ಯೋಜನೆ. ಅದೇ ವರ್ಷ ಬಂದ ರೀಮಿಕ್ಸ್ ಓಎಸ್ 3.0, ಆಂಡ್ರಾಯ್ಡ್ 6 ಅಂದರೆ ಮಾರ್ಷ್‌ಮ್ಯಾಲೋ ಮೇಲೆ ನಿಂತಿತ್ತು. 2017ರ ಜುಲೈನಲ್ಲಿ ಕಂಪನಿ ಜನಸಾಮಾನ್ಯರಿಗಾಗಿ ಮಾಡುತ್ತಿದ್ದ ಎಲ್ಲವನ್ನೂ ನಿಲ್ಲಿಸಿ ಉದ್ಯಮಗಳ ಕಡೆ ತಿರುಗಿತು. ಹೊಸ ಸಾಧನಗಳಿಗಾಗಿ ಕಿಕ್‌ಸ್ಟಾರ್ಟರ್‌ನಲ್ಲಿ ಮುಂಗಡ ಕೊಟ್ಟವರಿಗೆ ಹಣ ವಾಪಸು ಮಾಡುವುದಾಗಿ ಹೇಳಿತು. ಅಲ್ಲಿಗೆ ಕತೆ ಮುಗಿಯಿತು.

ನನಗೆ ಬೇಕಾದದ್ದು 3.0. ಸಂಗ್ರಹಾಲಯದಂಥ ಜಾಲತಾಣಗಳಲ್ಲಿ ಪ್ರತಿಗಳು ಸಿಗುತ್ತವೆ. ಆದರೆ ಯಾರೋ ಏರಿಸಿದ ಆಪರೇಟಿಂಗ್ ಸಿಸ್ಟಂ ಅನ್ನು ಕಣ್ಣುಮುಚ್ಚಿ ಇಳಿಸಿಕೊಳ್ಳುವುದು ಸರಿಯಲ್ಲ. ಪರಸ್ಪರ ಸಂಬಂಧವಿಲ್ಲದ ಎರಡು ಕಡೆಯಿಂದ ಪ್ರತಿ ಪಡೆದು ಅವುಗಳ ಚೆಕ್‌ಸಮ್ (ಕಡತದ ಬೆರಳಚ್ಚಿನಂಥ ಸಂಖ್ಯೆ) ಹೋಲಿಸಿ, ಎರಡೂ ಒಂದೇ ಎಂದು ಖಚಿತವಾದ ಮೇಲೆ ಮುಂದುವರಿದೆ.

32 ಬಿಟ್ ಪ್ರತಿಯೇ ಏಕೆ

ಕೋರ್ 2 ಡ್ಯುಯೋ 64 ಬಿಟ್ ಪ್ರೊಸೆಸರ್. ಸಹಜವಾಗಿ ಯಾರಾದರೂ 64 ಬಿಟ್ ಪ್ರತಿಯನ್ನೇ ಆರಿಸುತ್ತಾರೆ. ಇಲ್ಲೊಂದು ಸೂಕ್ಷ್ಮವಿದೆ. ಆಂಡ್ರಾಯ್ಡ್‌ನ 64 ಬಿಟ್ ಎಕ್ಸ್86 ನಿಯಮಾವಳಿಯ ಪ್ರಕಾರ ಪ್ರೊಸೆಸರ್‌ನಲ್ಲಿ ಎಸ್‌ಎಸ್‌ಇ 4.2 ಮತ್ತು ಪಾಪ್‌ಕೌಂಟ್ ಸೂಚನೆಗಳು ಇರಲೇಬೇಕು. ಆ್ಯಪ್ ಬರೆಯುವವರ ಕಂಪೈಲರ್ ಅವು ಇವೆಯೆಂದೇ ಭಾವಿಸಿ ಕೋಡ್ ಉತ್ಪಾದಿಸುತ್ತದೆ. ಕೋರ್ 2 ಪೀಳಿಗೆ ಎಸ್‌ಎಸ್‌ಇ 4.1ಕ್ಕೇ ನಿಂತಿದೆ. ಪರಿಣಾಮ ಏನೆಂದರೆ, ಸಿಸ್ಟಂ ಹೇಗೋ ಏಳುತ್ತದೆ, ಆದರೆ ಯಾವುದೋ ಆ್ಯಪ್ ಯಾವುದೋ ಗಳಿಗೆಯಲ್ಲಿ ಪ್ರೊಸೆಸರ್‌ಗೆ ಗೊತ್ತಿಲ್ಲದ ಸೂಚನೆ ಕೊಟ್ಟು ಸತ್ತುಬೀಳುತ್ತದೆ. ಇಂಥ ದೋಷವನ್ನು ಹುಡುಕುವುದು ಮಹಾ ಕಿರಿಕಿರಿ. ಏಕೆಂದರೆ ಪ್ರತಿಬಾರಿಯೂ ಆ್ಯಪ್‌ನದೇ ತಪ್ಪಿನಂತೆ ಕಾಣುತ್ತದೆ.

32 ಬಿಟ್ ನಿಯಮಾವಳಿ ಕೇಳುವುದು ಎಸ್‌ಎಸ್‌ಎಸ್‌ಇ 3ರವರೆಗೆ ಮಾತ್ರ. ಅದು ಈ ಪ್ರೊಸೆಸರ್‌ನಲ್ಲಿದೆ. ಹಾಗಾಗಿ 32 ಬಿಟ್. ನಿಮ್ಮ ಬಳಿ ಹಳೆಯ ಯಂತ್ರವಿದ್ದರೆ ಲಿನಕ್ಸ್‌ನಲ್ಲಿ ಸಿಪಿಯು ಮಾಹಿತಿಯ ಫ್ಲ್ಯಾಗ್ ಸಾಲನ್ನು ಒಮ್ಮೆ ಓದಿ. ಅರ್ಧ ನಿಮಿಷದ ಕೆಲಸ, ವಾರಗಟ್ಟಲೆಯ ತಲೆನೋವು ತಪ್ಪುತ್ತದೆ.

ಕೂರಿಸುವ ಕೆಲಸ

ಜೀಡೆ ಕೊಟ್ಟಿದ್ದ ವಿಂಡೋಸ್ ಇನ್‌ಸ್ಟಾಲರ್ ನನಗೆ ಬೇಡವಾಗಿತ್ತು. ಇಡೀ ಸಿಸ್ಟಂ ಅಡಗಿರುವ ಐಎಸ್‌ಒ ಕಡತವನ್ನು ಲಿನಕ್ಸ್‌ನಲ್ಲೇ ತೆರೆದು ನೋಡಿದರೆ ಒಳಗೆ ಇರುವುದು ಕೆಲವೇ ಕಡತಗಳು: ಕರ್ನಲ್ (ಸಿಸ್ಟಂನ ತಿರುಳು), ಇನಿಟ್‌ಆರ್‌ಡಿ (ಬೂಟ್‌ನ ಮೊದಲ ಹಂತ ನಡೆಸುವ ಪುಟ್ಟ ಕಟ್ಟು), ರ‍್ಯಾಮ್‌ಡಿಸ್ಕ್, ಮತ್ತು ಇಡೀ ಆಂಡ್ರಾಯ್ಡ್ ಇರುವ ಸಿಸ್ಟಂ ಇಮೇಜ್. ಇದು ಶುದ್ಧ ಆಂಡ್ರಾಯ್ಡ್-ಎಕ್ಸ್86 ವಿನ್ಯಾಸ. ಇದನ್ನು ಅರ್ಥ ಮಾಡಿಕೊಂಡರೆ ಇನ್‌ಸ್ಟಾಲರ್ ಬೇಕಿಲ್ಲ.

ಖಾಲಿ ಪಾರ್ಟಿಷನ್‌ಗೆ ಎಕ್ಸ್ಟ್4 ಫೈಲ್ ಸಿಸ್ಟಂ ಹಾಕಿ, ಅದರ ಮೇಲ್ಮಟ್ಟದಲ್ಲೇ ರೀಮಿಕ್ಸ್‌ಓಎಸ್ ಎಂಬ ಫೋಲ್ಡರ್ ಮಾಡಿ ಕಡತಗಳನ್ನು ನಕಲಿಸಿದೆ. ಯಾವ ಸಿಸ್ಟಂ ಎಬ್ಬಿಸಬೇಕೆಂದು ಕೇಳುವ ಲಿನಕ್ಸ್‌ನ ಗ್ರಬ್ ಮೆನುವಿಗೆ ಹೊಸ ನಮೂದು ಸೇರಿಸಿದೆ. ಕರ್ನಲ್ ಸಾಲನ್ನು (ಕರ್ನಲ್‌ಗೆ ಆರಂಭದಲ್ಲೇ ಕೊಡುವ ಸೂಚನೆಗಳನ್ನು) ನಾನಾಗಿ ಬರೆಯಲಿಲ್ಲ, ಐಎಸ್‌ಒ ಒಳಗಿನ ಮೆನು ಕಡತದಿಂದಲೇ ಎತ್ತಿಕೊಂಡೆ. ಅದರಲ್ಲಿರುವ ಹಾರ್ಡ್‌ವೇರ್ ಹೆಸರನ್ನು ಬದಲಿಸಬಾರದು. ಆಂಡ್ರಾಯ್ಡ್ ಆ ಹೆಸರನ್ನು ನೋಡಿಯೇ ತನ್ನ ಆರಂಭದ ಸ್ಕ್ರಿಪ್ಟ್ ಯಾವುದೆಂದು ಹುಡುಕುತ್ತದೆ. ಹೆಸರು ತಪ್ಪಿದರೆ ಕರ್ನಲ್ ಏಳುತ್ತದೆ, ಆಂಡ್ರಾಯ್ಡ್ ಏಳುವುದಿಲ್ಲ.

ಮುಂದಿನದು ದತ್ತಾಂಶದ ಪ್ರಶ್ನೆ. ರೀಮಿಕ್ಸ್‌ನ ಮೂಲ ಮೆನುವಿನಲ್ಲಿ ಗೆಸ್ಟ್ ಮೋಡ್ ಮತ್ತು ರೆಸಿಡೆಂಟ್ ಮೋಡ್ ಎಂದು ಎರಡು ಆಯ್ಕೆಗಳಿದ್ದವು. ಗೆಸ್ಟ್‌ನಲ್ಲಿ ಎಲ್ಲವೂ ರ‍್ಯಾಮ್‌ನಲ್ಲೇ ನಡೆದು, ಯಂತ್ರ ಆರಿಸಿದ ಕೂಡಲೇ ಅಳಿಸಿಹೋಗುತ್ತದೆ. ರೆಸಿಡೆಂಟ್‌ನಲ್ಲಿ ಡೇಟಾ ಇಮೇಜ್ ಎಂಬ ದೊಡ್ಡ ಕಡತ ಹುಟ್ಟುತ್ತದೆ. ಪೆನ್‌ಡ್ರೈವ್‌ಗೆ ಸಾಮಾನ್ಯವಾಗಿ ಬಳಸುವ ಫ್ಯಾಟ್32ರಲ್ಲಿ ಒಂದು ಕಡತ 4 ಜಿಬಿ ಮೀರುವಂತಿಲ್ಲವಾದ್ದರಿಂದ, ಆ ಕಾಲದಲ್ಲಿ ಎಷ್ಟೋ ಜನ ಜಾಗ ಸಾಲದೆ ಪರದಾಡಿದ್ದರು. ಇನಿಟ್‌ಆರ್‌ಡಿಯ ಸ್ಕ್ರಿಪ್ಟ್ ಬಿಚ್ಚಿ ಓದಿದರೆ ಇದಕ್ಕೊಂದು ಸರಳ ದಾರಿ ಕಾಣುತ್ತದೆ: ಸಿಸ್ಟಂ ಕಡತಗಳ ಪಕ್ಕದಲ್ಲಿ ಡೇಟಾ ಎಂಬ ಫೋಲ್ಡರ್ ಇದ್ದರೆ ಅದನ್ನೇ ಬಳಸುತ್ತದೆ, ಇಲ್ಲದಿದ್ದರೆ ಡೇಟಾ ಇಮೇಜ್ ಹುಡುಕುತ್ತದೆ, ಅದೂ ಇಲ್ಲದಿದ್ದರೆ ಮಾತ್ರ ರ‍್ಯಾಮ್. ಎಕ್ಸ್ಟ್4 ಮೇಲೆ ಖಾಲಿ ಡೇಟಾ ಫೋಲ್ಡರ್ ಒಂದನ್ನು ಮಾಡಿಟ್ಟೆ. ಪಾರ್ಟಿಷನ್ ಎಷ್ಟಿದೆಯೋ ಅಷ್ಟೂ ಜಾಗ ಆಂಡ್ರಾಯ್ಡ್‌ಗೆ ಸಿಕ್ಕಿತು.

ಇದೇ ಉಪಾಯ ಸಿಸ್ಟಂಗೂ ಅನ್ವಯಿಸುತ್ತದೆ, ಈ ದುರಸ್ತಿಯ ಬೆನ್ನೆಲುಬು ಕೂಡ ಅದೇ. ನನ್ನ ಪ್ರತಿಯಲ್ಲಿ ಸಿಸ್ಟಂ ಇಮೇಜ್ ಸ್ಕ್ವಾಶ್‌ಎಫ್‌ಎಸ್ ಆಗಿ ಒತ್ತಿಡಲಾಗಿತ್ತು, ಅಂದರೆ ಓದಲು ಮಾತ್ರ ಸಾಧ್ಯ. ಅದನ್ನು ಬಿಚ್ಚಿ, ಒಳಗಿನ ಇಮೇಜನ್ನು ಮೌಂಟ್ ಮಾಡಿ (ಫೋಲ್ಡರ್‌ನಂತೆ ತೆರೆದು), ಎಲ್ಲ ಕಡತಗಳನ್ನೂ ಮಾಲೀಕತ್ವ ಮತ್ತು ಅನುಮತಿಗಳು ಕೆಡದಂತೆ ಸಿಸ್ಟಂ ಎಂಬ ಫೋಲ್ಡರ್‌ಗೆ ನಕಲಿಸಿ, ಒತ್ತಿಟ್ಟ ಮೂಲವನ್ನು ಬೇರೆಡೆ ಜೋಪಾನ ಮಾಡಿದೆ. ಈಗ ಆಂಡ್ರಾಯ್ಡ್‌ನ ಒಳಭಾಗ ಪೂರ್ತಿ ಲಿನಕ್ಸ್‌ನಿಂದ ಕೈಗೆಟಕುವ ಸಾಮಾನ್ಯ ಫೋಲ್ಡರ್. ಏನಾದರೂ ಕೆಟ್ಟರೆ ಲಿನಕ್ಸ್‌ಗೆ ಬೂಟ್ ಆಗಿ, ಕಡತ ತಿದ್ದಿ, ಮರಳಿ ಬರಬಹುದು. ಇಷ್ಟು ಮಾಡಿಕೊಳ್ಳದೆ ಮುಂದಿನ ಯಾವ ಕೆಲಸಕ್ಕೂ ಕೈಹಾಕುವುದು ಬೇಡ.

ಕಪ್ಪು ಪರದೆ

ಮೊದಲ ಬೂಟ್‌ನಲ್ಲಿ ಅಕ್ಷರಗಳು ಓಡಿದವು, ಆಮೇಲೆ ಪರದೆ ಕಪ್ಪಾಯಿತು. ಡಿಸ್ಕ್‌ನ ದೀಪ ಮಾತ್ರ ಮಿನುಗುತ್ತಿತ್ತು, ಅಂದರೆ ಒಳಗೆ ಏನೋ ನಡೆಯುತ್ತಿದೆ. ಇಂಥ ಹೊತ್ತಿನಲ್ಲಿ ಎಲ್ಲರೂ ಮೊದಲು ಹೇಳುವ ಮದ್ದು, ಕರ್ನಲ್ ಸಾಲಿಗೆ ನೋಮೋಡ್‌ಸೆಟ್ ಸೇರಿಸುವುದು. ಸೇರಿಸಿದರೆ ಚಿತ್ರ ಬಂದಿತು. ಆದರೆ ಗ್ರಾಫಿಕ್ಸ್ ಚಿಪ್ ಕೆಲಸವನ್ನೇ ಬಿಟ್ಟು ಎಲ್ಲ ಹೊರೆಯೂ ಪ್ರೊಸೆಸರ್ ಮೇಲೆ ಬೀಳುವುದರಿಂದ ವಿಂಡೋ ಎಳೆದರೆ ಅದು ನಿಧಾನವಾಗಿ ತೆವಳಿಕೊಂಡು ಬರುತ್ತದೆ. ನೋಮೋಡ್‌ಸೆಟ್ ರೋಗಪತ್ತೆಗೆ ಸರಿ, ಚಿಕಿತ್ಸೆಗಲ್ಲ.

ಡೀಬಗ್ ಮೋಡ್‌ನಲ್ಲಿ ಎಬ್ಬಿಸಿದೆ. ಆಂಡ್ರಾಯ್ಡ್-ಎಕ್ಸ್86ರ ಈ ಮೋಡ್ ಆರಂಭದ ಹಂತಗಳಲ್ಲಿ ನಿಂತು ಆಜ್ಞೆ ಟೈಪಿಸುವ ಒಂದು ಶೆಲ್ ಕೊಡುತ್ತದೆ, ಎಕ್ಸಿಟ್ ಎಂದರೆ ಮುಂದಕ್ಕೆ ಹೋಗುತ್ತದೆ. ಅಲ್ಲಿಂದ ಕರ್ನಲ್ ಸಂದೇಶಗಳನ್ನು ಓದಿದಾಗ ಕಾರಣ ತಿಳಿಯಿತು. ಆ ಪೀಳಿಗೆಯ ಗ್ರಾಫಿಕ್ಸ್ ಚಿಪ್‌ಗಳಿಗೆ ಟಿವಿಗಾಗಿ ಎಸ್-ವಿಡಿಯೋ ಹೊರದಾರಿ ಇರುತ್ತಿತ್ತು. ಈ ಲ್ಯಾಪ್‌ಟಾಪ್‌ನ ಹೊರಮೈಯಲ್ಲಿ ಅಂಥ ಕಿಂಡಿಯೇ ಇಲ್ಲ. ಚಿಪ್ ಮಾತ್ರ ಅಲ್ಲೊಂದು ಪರದೆ ಇದೆಯೆಂದೇ ಹೇಳುತ್ತಿದೆ. ಇಲ್ಲದ ಟಿವಿಗೆ ಆಂಡ್ರಾಯ್ಡ್ ಚಿತ್ರ ಬಿಡಿಸುತ್ತಾ ಕುಳಿತಿತ್ತು. ಆ ಹೊರದಾರಿಯನ್ನು ಮುಚ್ಚುವ ವಿಡಿಯೋ ನಿಯತಾಂಕವನ್ನು ಕರ್ನಲ್ ಸಾಲಿಗೆ ಸೇರಿಸಿ, ನೋಮೋಡ್‌ಸೆಟ್ ತೆಗೆದ ಮೇಲೆ ಡೆಸ್ಕ್‌ಟಾಪ್ ಪೂರ್ಣ ವೇಗದಲ್ಲಿ ಎದ್ದಿತು.

ವೈಫೈ ಕತೆ ಚಿಕ್ಕದು. ಚಿಪ್‌ನ ಡ್ರೈವರ್ ಕರ್ನಲ್‌ನಲ್ಲಿತ್ತು, ಚಿಪ್‌ನೊಳಗೆ ಓಡುವ ಫರ್ಮ್‌ವೇರ್ ಕಡತ ಇರಲಿಲ್ಲ. ಬೇಕಾದ ಕಡತದ ಹೆಸರನ್ನು ಕರ್ನಲ್ ಸಂದೇಶವೇ ಹೇಳುತ್ತದೆ. ಲಿನಕ್ಸ್‌ನಲ್ಲಿದ್ದ ಅದೇ ಕಡತವನ್ನು ಸಿಸ್ಟಂ ಫೋಲ್ಡರ್‌ನ ಫರ್ಮ್‌ವೇರ್ ಜಾಗಕ್ಕೆ ನಕಲಿಸಿದರೆ ಮುಗಿಯಿತು.

ಕಾಲದೊಂದಿಗಿನ ಜಗಳ

ಜಾಲಕ್ಕೆ ಸೇರಿದ ಕೂಡಲೇ ಪ್ರತಿಯೊಂದು ತಾಣವೂ, ತಾನು ಅಸಲಿ ಎಂದು ಸಾರುವ ಅವಧಿಬದ್ಧ ಪ್ರಮಾಣಪತ್ರ ಸರಿಯಿಲ್ಲ ಎಂದು ಬಾಗಿಲು ಹಾಕಿತು. ಮೂಲೆಯ ಗಡಿಯಾರ ನೋಡಿದರೆ ಯಂತ್ರ ತಯಾರಾದ ಕಾಲದ ದಿನಾಂಕ ತೋರಿಸುತ್ತಿದೆ. ಮದರ್‌ಬೋರ್ಡ್‌ನ ಗಡಿಯಾರ ನಡೆಸುವ ಸಿಮಾಸ್ ಬ್ಯಾಟರಿ ಸತ್ತಿದೆ ಎಂದರ್ಥ. ಹಿಂಬದಿಯ ಮುಚ್ಚಳ ಬಿಚ್ಚಿದರೆ, ಎರಡು ತಂತಿಗಳಿರುವ ಪ್ಲಾಸ್ಟಿಕ್ ಹೊದಿಕೆಯೊಳಗೆ ಒಂದು ನಾಣ್ಯಗಾತ್ರದ ಸೆಲ್. ಲ್ಯಾಪ್‌ಟಾಪ್‌ಗಳಲ್ಲಿ ಇದನ್ನು ಹೀಗೆ ಕನೆಕ್ಟರ್ ಸಮೇತ ಕೊಳ್ಳುವುದೇ ಮೇಲು. ಬೆಸುಗೆ ಹಾಕಲು ಹೋಗಿ ಸೆಲ್ ಬಿಸಿ ಮಾಡುವುದು ಅಪಾಯ. ಹೊಸದನ್ನು ಸಿಕ್ಕಿಸಿ, ಬಯಾಸ್‌ನಲ್ಲಿ ದಿನಾಂಕ ಸರಿಪಡಿಸಿದೆ.

ಅರ್ಧದಷ್ಟು ತಾಣಗಳು ತೆರೆದವು. ಉಳಿದರ್ಧ ಇನ್ನೂ ಮುನಿಸಿಕೊಂಡೇ ಇದ್ದವು. ಈ ಭಾಗವನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ, ಏಕೆಂದರೆ ಹಳೆಯ ಆಂಡ್ರಾಯ್ಡ್ ಇರುವ ಫೋನ್, ಟಿವಿ ಪೆಟ್ಟಿಗೆ ಯಾವುದಕ್ಕಾದರೂ ಇದೇ ಕಾಯಿಲೆ ಬರುತ್ತದೆ.

ಜಗತ್ತಿನ ಅಸಂಖ್ಯ ತಾಣಗಳಿಗೆ ಉಚಿತ ಪ್ರಮಾಣಪತ್ರ ಕೊಡುವ ಸಂಸ್ಥೆ ಲೆಟ್ಸ್ ಎನ್‌ಕ್ರಿಪ್ಟ್. ಅದರ ಸ್ವಂತ ಮೂಲ ಪ್ರಮಾಣಪತ್ರ (ಉಳಿದವುಗಳ ನಂಬಿಕೆಗೆ ಬುಡವಾದದ್ದು) ಐಎಸ್‌ಆರ್‌ಜಿ ರೂಟ್ ಎಕ್ಸ್1. ಇದನ್ನು ಆಂಡ್ರಾಯ್ಡ್ ನಂಬಲು ಶುರುಮಾಡಿದ್ದು 7.1.1ರಿಂದ. ಅದಕ್ಕಿಂತ ಹಳೆಯ ಸಾಧನಗಳು ಡಿಎಸ್‌ಟಿ ರೂಟ್ ಸಿಎ ಎಕ್ಸ್3 ಎಂಬ ಬೇರೊಬ್ಬರ ಮೂಲದ ಆಸರೆಯಲ್ಲಿ ನಡೆಯುತ್ತಿದ್ದವು. ಆ ಆಸರೆಯ ಅವಧಿ 2021ರ ಸೆಪ್ಟೆಂಬರ್ 30ಕ್ಕೆ ಮುಗಿಯಿತು. ಆದರೂ ಹಳೆಯ ಆಂಡ್ರಾಯ್ಡ್‌ಗಳು ಅಂದೇ ಕುಸಿಯಲಿಲ್ಲ. ತಾನು ನಂಬಿರುವ ಮೂಲದ ಅವಧಿ ಮುಗಿದಿದೆಯೇ ಎಂದು ಆಂಡ್ರಾಯ್ಡ್ ಪರೀಕ್ಷಿಸುವುದೇ ಇಲ್ಲ! ಇದನ್ನು ಬಳಸಿಕೊಂಡು ಲೆಟ್ಸ್ ಎನ್‌ಕ್ರಿಪ್ಟ್, ಮುಗಿದ ಮೂಲದಿಂದಲೇ ಮತ್ತೆ ಮೂರು ವರ್ಷಗಳ ಅಡ್ಡಸಹಿ (ತನ್ನ ಮೂಲವನ್ನು ನಂಬಬಹುದೆಂಬ ಇನ್ನೊಂದು ಮೂಲದ ಸಹಿ) ಪಡೆದಿತ್ತು. ಆ ಅಡ್ಡಸಹಿಯೂ 2024ರ ಸೆಪ್ಟೆಂಬರ್ 30ಕ್ಕೆ ಕೊನೆಗೊಂಡಿತು. ಮಾರ್ಷ್‌ಮ್ಯಾಲೋ ಈಗ ಪೂರ್ತಿ ಆಚೆಗುಳಿದಿದೆ.

ಪರಿಹಾರ ಕಷ್ಟದ್ದಲ್ಲ. ಈ ಹಳೆಯ ಆಂಡ್ರಾಯ್ಡ್ ತನ್ನ ಮೂಲ ಪ್ರಮಾಣಪತ್ರಗಳನ್ನು ಸಿಸ್ಟಂ ಫೋಲ್ಡರ್‌ನ ಸೆಕ್ಯುರಿಟಿ ವಿಭಾಗದಲ್ಲಿ ಬಿಡಿ ಕಡತಗಳಾಗಿ ಇಡುತ್ತದೆ. ಕಡತದ ಹೆಸರು ಪ್ರಮಾಣಪತ್ರದ ಹ್ಯಾಶ್ (ಅದರಿಂದ ಲೆಕ್ಕಹಾಕಿದ ಗುರುತು), ಕೊನೆಗೊಂದು ಚುಕ್ಕಿ ಮತ್ತು ಸೊನ್ನೆ. ಹ್ಯಾಶ್ ಲೆಕ್ಕಹಾಕುವ ಹಳೆಯ ವಿಧಾನವನ್ನೇ ಆಂಡ್ರಾಯ್ಡ್ ಇಂದಿಗೂ ಬಳಸುವುದರಿಂದ, ಅದನ್ನು ಲೆಕ್ಕಹಾಕಿ ಕೊಡುವ ಓಪನ್‌ಎಸ್‌ಎಸ್‌ಎಲ್ ತಂತ್ರಾಂಶಕ್ಕೆ ಹಳೆಯ ವಿಷಯ-ಹ್ಯಾಶ್ ಬೇಕೆಂದು ಸ್ಪಷ್ಟವಾಗಿ ಕೇಳಬೇಕು. ಇಲ್ಲವಾದರೆ ಕಡತ ಅಲ್ಲಿದ್ದರೂ ಆಂಡ್ರಾಯ್ಡ್ ಕಣ್ಣಿಗೆ ಬೀಳುವುದಿಲ್ಲ. ಲಿನಕ್ಸ್‌ನಲ್ಲಿದ್ದ ಹೊಸ ಪ್ರಮಾಣಪತ್ರವನ್ನು ಸರಿಯಾದ ಹೆಸರಿನಿಂದ ನಕಲಿಸಿ, ಅನುಮತಿಯನ್ನು 644 ಮಾಡಿದೆ. ಮರುಬೂಟ್ ಆದಮೇಲೆ ಮುಚ್ಚಿದ್ದ ಬಾಗಿಲುಗಳು ತೆರೆದವು. ಸಿಸ್ಟಂ ಅನ್ನು ಬಿಡಿ ಫೋಲ್ಡರ್ ಮಾಡಿಕೊಂಡ ಶ್ರಮ ಇಲ್ಲಿ ಪೂರ್ತಿ ವಸೂಲಾಯಿತು.

ಬ್ರೌಸರ್‌ನ ಮಿತಿ ಬೇರೆಯದು. ಮಾರ್ಷ್‌ಮ್ಯಾಲೋಗೆ ಬಂದ ಕೊನೆಯ ಕ್ರೋಮ್ 106. ಫೈರ್‌ಫಾಕ್ಸ್ ತನ್ನದೇ ಪ್ರಮಾಣಪತ್ರಗಳ ಪಟ್ಟಿ ಇಟ್ಟುಕೊಂಡಿರುವುದರಿಂದ ಮೇಲಿನ ತೊಂದರೆ ಅದಕ್ಕಿಲ್ಲ. ಆಂಡ್ರಾಯ್ಡ್ 6ರಲ್ಲಿ ಓಡುವ ಅದರ ಆವೃತ್ತಿಯೊಂದನ್ನು ಹಾಕಿಕೊಂಡೆ.

ಆ್ಯಪ್‌ಗಳು

ಗೂಗಲ್ ಖಾತೆಯನ್ನು ಇದಕ್ಕೆ ಜೋಡಿಸಲಿಲ್ಲ, ಜೋಡಿಸುವ ಇರಾದೆಯೂ ಇಲ್ಲ. ವರ್ಷಗಳಿಂದ ಭದ್ರತಾ ತೇಪೆ ಕಾಣದ ಸಿಸ್ಟಂಗೆ ಮುಖ್ಯ ಖಾತೆಯ ಕೀಲಿ ಕೊಡುವುದು, ಬ್ಯಾಂಕ್ ಆ್ಯಪ್ ಹಾಕುವುದು ಎರಡೂ ಹುಚ್ಚು. ಮುಕ್ತ ತಂತ್ರಾಂಶಗಳ ಎಫ್-ಡ್ರಾಯ್ಡ್ ಸಾಕು. ಅದು ಸಾಧನದ ಎಪಿಐ ಮಟ್ಟ (ಆಂಡ್ರಾಯ್ಡ್ ಆವೃತ್ತಿಯ ಒಳ ಸಂಖ್ಯೆ) ನೋಡಿ, ಹೊಂದುವ ಹಳೆಯ ಆವೃತ್ತಿ ಇದ್ದರೆ ಅದನ್ನೇ ಮುಂದಿಡುತ್ತದೆ. ಮಾರ್ಷ್‌ಮ್ಯಾಲೋದ ಮಟ್ಟ 23. ಪುಸ್ತಕ ಓದುವುದು, ಟಿಪ್ಪಣಿ, ಸಂಗೀತ, ನಿಘಂಟು ಇವೆಲ್ಲ ಸಲೀಸಾಗಿ ಸಿಕ್ಕವು.

ಬೇರೆ ಕಡೆಯಿಂದ ಎಪಿಕೆ (ಆ್ಯಪ್‌ನ ಕಡತ) ತರುವುದಾದರೆ ಒಂದು ಅಭ್ಯಾಸ ಒಳ್ಳೆಯದು. ಎಪಿಕೆ ಎಂದರೆ ಜಿಪ್ ಕಡತವೇ. ತೆರೆದು ಲಿಬ್ ಫೋಲ್ಡರ್ ನೋಡಿ. ಆ ಫೋಲ್ಡರೇ ಇಲ್ಲದಿದ್ದರೆ ಆ್ಯಪ್ ಪೂರ್ತಿ ಜಾವಾ ಅಥವಾ ಕಾಟ್ಲಿನ್‌ನದು, ಯಾವ ಪ್ರೊಸೆಸರ್ ಆದರೂ ನಡೆಯುತ್ತದೆ. ಎಕ್ಸ್86 ಉಪಫೋಲ್ಡರ್ ಇದ್ದರೆ ಇನ್ನೂ ಒಳ್ಳೆಯದು. ಬರೀ ಆರ್ಮ್ (ಫೋನ್‌ಗಳ ಪ್ರೊಸೆಸರ್ ಬಗೆ) ಹೆಸರುಗಳಿದ್ದರೆ ಮಾತ್ರ ಇಂಟೆಲ್‌ನ ಹೌಡಿನಿ ಎಂಬ ಭಾಷಾಂತರ ಪದರ ಬೇಕಾಗುತ್ತದೆ. ಅದು ಆರ್ಮ್ ಸೂಚನೆಗಳನ್ನು ಓಡುತ್ತಿರುವಾಗಲೇ ಎಕ್ಸ್86ಕ್ಕೆ ತಿರುಗಿಸುತ್ತದೆ. ಇಷ್ಟು ಹಳೆಯ ಪ್ರೊಸೆಸರ್ ಮೇಲೆ ಆ ಹೊರೆ ಬೇಡವೆಂದು ನಾನು ಎಕ್ಸ್86 ಪ್ರತಿಗಳನ್ನೇ ಹುಡುಕಿದೆ. ವಿಎಲ್‌ಸಿ ಪ್ರತಿ ಪ್ರೊಸೆಸರ್‌ಗೂ ಬೇರೆ ಬೇರೆ ಎಪಿಕೆ ಕೊಡುತ್ತದೆ, ಅದರ ಎಕ್ಸ್86 ಪ್ರತಿ ಇಲ್ಲಿ ಅಚ್ಚುಕಟ್ಟಾಗಿ ಓಡುತ್ತದೆ.

ದುರಸ್ತಿಗೆ ಒಗ್ಗದ ಭಾಗ

ಇಷ್ಟೆಲ್ಲ ಆದ ಮೇಲೆ ಕುಳಿತು ಬಳಸಿದರೆ, ಇದನ್ನು ಏಕೆ ಬೆನ್ನಟ್ಟಿದೆ ಎಂಬುದು ಮತ್ತೆ ಮನದಟ್ಟಾಗುತ್ತದೆ. ಎಡಗಡೆ ಪುಸ್ತಕ, ಬಲಗಡೆ ಫೋನ್ ಆಕಾರದಲ್ಲೇ ನಿಂತ ನಿಘಂಟು, ಕೆಳಗೆ ಟಾಸ್ಕ್‌ಬಾರ್. ಆಲ್ಟ್ ಮತ್ತು ಟ್ಯಾಬ್ ಒತ್ತಿದರೆ ವಿಂಡೋ ಬದಲಾಗುತ್ತದೆ. ಬಲ ಕ್ಲಿಕ್ ಕೆಲಸ ಮಾಡುತ್ತದೆ. ಗೂಗಲ್ ಆಂಡ್ರಾಯ್ಡ್ 7ರಲ್ಲಿ ಫ್ರೀಫಾರ್ಮ್ (ಬೇಕಾದಂತೆ ಸರಿಸಿ ಹಿಗ್ಗಿಸಬಹುದಾದ) ವಿಂಡೋಗಳ ಬೀಜ ಹಾಕಿತಾದರೂ ಅದನ್ನು ಮರೆಯಲ್ಲೇ ಇಟ್ಟಿತ್ತು. ಜೀಡೆಯವರು ಅದಕ್ಕಿಂತ ಮುಂಚೆಯೇ ಇದನ್ನು ಬಳಸುವಂತೆ ಮಾಡಿಟ್ಟಿದ್ದರು.

ಆದರೆ ದೋಷಗಳೂ ಇಲ್ಲೇ ಇವೆ. ವಿಂಡೋ ಹಿಗ್ಗಿಸಿದರೆ ಕೆಲವು ಆ್ಯಪ್‌ಗಳು ತಮ್ಮನ್ನು ತಾವೇ ಮರುಪ್ರಾರಂಭಿಸಿಕೊಂಡು ಅರ್ಧ ಬರೆದ ಸಾಲನ್ನು ನುಂಗುತ್ತವೆ. ಫೋನ್ ಅಡ್ಡ ತಿರುಗಿದಾಗ ಆಗುವ ಬದಲಾವಣೆಯನ್ನು ಸರಿಯಾಗಿ ನಿಭಾಯಿಸದ ಆ್ಯಪ್‌ಗಳ ಬಣ್ಣ ಇಲ್ಲಿ ಬಯಲಾಗುತ್ತದೆ. ಬೇರೆ ವಿಂಡೋ ಮೇಲೆ ಕ್ಲಿಕ್ ಮಾಡಿದ ಕೂಡಲೇ ನಿಂತುಬಿಡುವ ವಿಡಿಯೋ ಆ್ಯಪ್‌ಗಳಿವೆ. ಇವನ್ನು ತಿದ್ದಲು ವಿಂಡೋ ನಿರ್ವಹಿಸುವ ಪದರದ ಮೂಲ ಕೋಡ್ ಬೇಕು. ಅದು ಸಿಗುವುದಿಲ್ಲ. ಕರ್ನಲ್ ಜಿಪಿಎಲ್ ಪರವಾನಗಿಯದು, ಅದಕ್ಕೆ ಮಾಡಿದ ಬದಲಾವಣೆಗಳನ್ನು ಹಂಚುವವರು ಮೂಲವನ್ನೂ ಕೊಡಬೇಕು. ಅದರ ಮೇಲಿನ ಆಂಡ್ರಾಯ್ಡ್ ಚೌಕಟ್ಟು ಬಹುಪಾಲು ಅಪಾಚೆ ಪರವಾನಗಿಯದು, ಅಲ್ಲಿ ಮಾಡಿದ ಬದಲಾವಣೆಯನ್ನು ಮುಚ್ಚಿಟ್ಟುಕೊಳ್ಳಲು ಅಡ್ಡಿಯಿಲ್ಲ. ಟಾಸ್ಕ್‌ಬಾರ್, ವಿಂಡೋ, ಸ್ಟಾರ್ಟ್ ಮೆನು ಎಲ್ಲವೂ ಆ ಮುಚ್ಚಿದ ಭಾಗದಲ್ಲಿವೆ. ಕಪ್ಪು ಪರದೆ, ವೈಫೈ, ಪ್ರಮಾಣಪತ್ರ ಮೂರನ್ನೂ ನಾನು ಸರಿಪಡಿಸಲು ಸಾಧ್ಯವಾದದ್ದು ಅವು ತೆರೆದಿದ್ದ ಭಾಗದಲ್ಲಿ ಇದ್ದುದರಿಂದ. ರೀಮಿಕ್ಸ್ ಅನ್ನು ರೀಮಿಕ್ಸ್ ಮಾಡಿದ ಭಾಗವನ್ನು ಮಾತ್ರ ಇದ್ದಂತೆಯೇ ಸಹಿಸಿಕೊಳ್ಳಬೇಕು.

ಒಂದನ್ನು ಮಾತ್ರ ನಿಲ್ಲಿಸಲೇಬೇಕಿತ್ತು: ಅಪ್‌ಡೇಟ್ ಹುಡುಕುವ ಸೇವೆ. ಅದು ಇನ್ನೂ ಹಳೆಯ ವಿಳಾಸಕ್ಕೆ ಕರೆ ಮಾಡುತ್ತದೆ. ಕೈಬಿಟ್ಟ ಜಾಲವಿಳಾಸವನ್ನು ನಾಳೆ ಯಾರು ಬೇಕಾದರೂ ಕೊಳ್ಳಬಹುದು, ಅಲ್ಲಿಂದ ಬಂದದ್ದನ್ನು ಒಪ್ಪಿಕೊಳ್ಳುವ ಸೇವೆ ಯಂತ್ರದಲ್ಲಿ ಜೀವಂತ ಇರಬಾರದು. ಶೆಲ್‌ನಿಂದ ಆ ಪ್ಯಾಕೇಜನ್ನು ನಿಷ್ಕ್ರಿಯಗೊಳಿಸಿ, ಯಾವ ಜಾಲವಿಳಾಸ ಎಲ್ಲಿಗೆ ಹೋಗಬೇಕೆಂದು ಹೇಳುವ ಹೋಸ್ಟ್ಸ್ ಕಡತದಲ್ಲೂ ವಿಳಾಸವನ್ನು ಕಟ್ಟಿಹಾಕಿದೆ.

ಹೋಲಿಕೆಗೆಂದು ಅದೇ ಪಾರ್ಟಿಷನ್‌ನ ಇನ್ನೊಂದು ಫೋಲ್ಡರ್‌ನಲ್ಲಿ ಆಂಡ್ರಾಯ್ಡ್-ಎಕ್ಸ್86 9.0 ಕೂಡ ಇಟ್ಟಿದ್ದೇನೆ. 2020ರಲ್ಲಿ ಬಂದ 9.0-ಆರ್2ರ 32 ಬಿಟ್ ಪ್ರತಿ ಅದು. ಫೋಲ್ಡರ್ ಬೇರೆಯಾದರೆ ಸಾಕು, ಎರಡೂ ಒಂದನ್ನೊಂದು ಮುಟ್ಟುವುದಿಲ್ಲ. ಅದರಲ್ಲಿ ಟಾಸ್ಕ್‌ಬಾರ್ ಎಂಬ ಮುಕ್ತ ಆ್ಯಪ್ ಸೇರಿಕೊಂಡೇ ಬರುತ್ತದೆ, ಫ್ರೀಫಾರ್ಮ್ ವಿಂಡೋಗಳೂ ಸಿಗುತ್ತವೆ. ಆ್ಯಪ್‌ಗಳ ಆಯ್ಕೆ ಹೆಚ್ಚು. ವಿಂಡೋಗಳ ಅಂಚು ಹಿಡಿದು ಎಳೆಯುವ ನಯ ಮಾತ್ರ ರೀಮಿಕ್ಸ್‌ನಷ್ಟಿಲ್ಲ. ಹೊಸ ಆ್ಯಪ್ ಬೇಕಾದಾಗ ಅದು, ಓದುವುದಕ್ಕೆ ಇದು ಎಂದು ಸದ್ಯಕ್ಕೆ ಹಂಚಿಕೊಂಡಿದ್ದೇನೆ.

ಬಾಕಿ ಇರುವುದು ಎರಡು ಕೆಲಸ. ಮುಚ್ಚಳ ಹಾಕಿದಾಗ ನಿದ್ರೆಗೆ ಹೋದ ಯಂತ್ರ ಮರಳಿ ಏಳುವುದಿಲ್ಲ, ಸದ್ಯ ನಿದ್ರೆಯನ್ನೇ ತಡೆದು ಪ್ರತಿಬಾರಿ ಪೂರ್ತಿ ಆರಿಸುತ್ತಿದ್ದೇನೆ. ಹೆಡ್‌ಫೋನ್ ಸಿಕ್ಕಿಸಿದರೂ ಸದ್ದು ಸ್ಪೀಕರ್‌ನಿಂದಲೇ ಬರುತ್ತಿದೆ. ಶೆಲ್‌ನಲ್ಲಿ ಮಿಕ್ಸರ್ ತೆರೆದು ಕೈಯಾರೆ ಬದಲಿಸಿದರೆ ಸರಿಹೋಗುತ್ತದೆ, ಬೂಟ್ ಆಗುವಾಗಲೇ ಅದನ್ನು ಮಾಡುವ ಸ್ಕ್ರಿಪ್ಟ್ ಬರೆಯುತ್ತಿದ್ದೇನೆ.